ಕಿವಿಯಲ್ಲಿ ಹೇಳಿದ ಗುರುತು

"ಆ ದುಪ್ಪಟಿ ತೆಗೀರೀ...! ನಿಮಗೇ ಹೇಳ್ತಿರೋದು, ತೆಗೀರಿ!"

ಎದೆಲ್ಮಿರಾ ಬೆಚ್ಚಿಬಿದ್ದಳು. ಬಾಯಲ್ಲಿ ಎರಡು ಕ್ಲಿಪ್ಪು, ಕೈಯಲ್ಲಿ ಹಿಂಡಿದ ದುಪ್ಪಟಿಯ ಇನ್ನೊಂದು ತುದಿ. ಹಗ್ಗದ ಮೇಲೆ ಹರವಿದ್ದ ಭಾಗ ಬೆಳಗಿನ ಗಾಳಿಗೆ ಹಾಯಿಯಂತೆ ಉಬ್ಬಿ ನಿಂತಿತ್ತು.

ಹಿತ್ತಲ ಮೇಲಿನ ದಿಬ್ಬದಿಂದ ಒಬ್ಬ ಗಂಡಸು ಜಾರುತ್ತಾ, ಏಳುತ್ತಾ ಓಡಿಬರುತ್ತಿದ್ದ. ಬಂದವನೇ ಒಂದು ಮಾತೂ ಕೇಳದೆ ದುಪ್ಪಟಿಯನ್ನು ಹಗ್ಗದಿಂದ ಎಳೆದು ಕೆಳಗೆ ಹಾಕಿದ. ಬೇಲಿಯನ್ನು ಹಿಡಿದುಕೊಂಡು ಕಡಲನ್ನೇ ನೋಡತೊಡಗಿದ.

ಕಡಲು ಖಾಲಿಯಾಗಿತ್ತು.

"ಹೋಯ್ತು..." ಅವನ ದನಿ ಇಳಿದುಹೋಯಿತು.

"ಏನ್ರೀ ಹೋಗಿದ್ದು? ನಾನು ಎರಡು ಸಲ ಜಾಲಿಸಿದ ದುಪ್ಪಟಿ ಮಣ್ಣಲ್ಲಿ ಬಿದ್ದಿದೆ, ಹೋಗಿದ್ದು ಅದು!"

"ಕೊಕ್ಕಿನ ತಿಮಿಂಗಿಲ..." ಅವನು ತಿರುಗಿದ. ಎದೆಲ್ಮಿರಾ ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಅವನ ಕಣ್ಣು ತುಂಬಿದ್ದವು! "ತಿಂಗಳಿಂದ ಆ ದಿಬ್ಬದ ಮೇಲೆ ದುರ್ಬೀನು ಇಟ್ಕೊಂಡು ಕೂತಿದ್ದೀನಿ. ಇವತ್ತು, ಮೊದಲನೇ ಸಲ, ಬೆನ್ನು ಕಾಣಿಸ್ತು. ತಲೆ ಎತ್ತುತ್ತೆ ಅಂತ ಉಸಿರು ಬಿಗಿಹಿಡಿದ್ರೆ... ನಿಮ್ಮ ದುಪ್ಪಟಿ ಅಡ್ಡ ಬಂತು."

"ಇನ್ನೊಂದು ಸಲ ಬರುತ್ತೆ ಬಿಡಿ."

"ಅದು ನಾಲ್ಕು ಉಸಿರು ತಗೊಂಡು ಮುಳುಗಿದ್ರೆ ಮುಗೀತು. ಮತ್ತೆ ಯಾವಾಗಲೋ, ಎಲ್ಲೋ."

ಬಾಗಿಲಲ್ಲಿ ನಿಂತಿದ್ದ ಪುಟ್ಟ ಕಾಯೆತಾನಾ ಕಿಸಕ್ಕನೆ ನಕ್ಕಳು. "ಅಮ್ಮ, ತಿಮಿಂಗಿಲ ನಮ್ಮ ದುಪ್ಪಟಿಗೆ ಹೆದರಿ ಓಡಿಹೋಯ್ತಾ?"

ಅವನಿಗೂ ನಗು ಬಂತು. ಬಗ್ಗಿ, ದುಪ್ಪಟಿ ಎತ್ತಿ, ಮಣ್ಣು ಕೊಡವಿ, ಎದೆಲ್ಮಿರಾಳ ಕೈಗೆ ಕೊಟ್ಟ. "ತಪ್ಪಾಯ್ತು, ಕ್ಷಮಿಸಿ. ನನ್ನ ಹೆಸರು ಲಿಸಾಂದ್ರೊ."

ಹೆಸರು ಯಾರಿಗೆ ಬೇಕಿತ್ತು? ದ್ವೀಪದವರೆಲ್ಲ ಅವನನ್ನು ಆಗಲೇ 'ತಿಮಿಂಗಿಲದ ಮೇಷ್ಟ್ರು' ಎಂದು ಕರೆದಾಗಿತ್ತು.

ಆದರೆ ಆ ತುಂಬಿದ ಕಣ್ಣು ಎದೆಲ್ಮಿರಾಳನ್ನು ಇಡೀ ದಿನ ಕಾಡಿತು. ಹಿಟ್ಟು ನಾದುವಾಗಲೂ ಅದೇ, ಒಲೆಗೆ ಸೌದೆ ಒಡ್ಡುವಾಗಲೂ ಅದೇ. ಅವನೇ ಕ್ಷಮೆ ಕೇಳಿದ... ನಾನು ಕೇಳಲಿಲ್ಲ!

ಸಂಜೆ ಒಲೆಯಿಂದ ತೆಗೆದ ಬಿಸಿ ಬ್ರೆಡ್ಡು ಎರಡು, ಒಂದು ಬಟ್ಟಲು ಮುರ್ತಾ ಹಣ್ಣಿನ ಜಾಮು ಕಟ್ಟಿ, ಮಗಳ ಕೈಯಲ್ಲಿ ದಿಬ್ಬಕ್ಕೆ ಕಳಿಸಿದಳು.

ಮಾರನೆಯ ದಿನ ಬಟ್ಟಲು ಹಿಂದಿರುಗಿಸಲು ಅವನೇ ಬಂದ. ಆಮೇಲೆ ಬರಲು ಬಟ್ಟಲಿನ ನೆಪವೂ ಬೇಕಾಗಲಿಲ್ಲ.

* * *

ಎದೆಲ್ಮಿರಾಳ ಗಂಡ ಗಾಸ್ಪಾರ್ ಲಾಬ್‌ಸ್ಟರ್ ಹಿಡಿಯಲು ಹೋದವನು. ದೋಣಿ ಹಿಂದಿರುಗಿತು, ಅವನು ಬರಲಿಲ್ಲ. ಆಗ ಕಾಯೆತಾನಾ ಇನ್ನೂ ತೊದಲು ಮಾತಿನವಳು. ಅಂದಿನಿಂದ ತಾಯಿ ಮಗಳಿಗೆ ಮಾವ ದೊನ್ ಬೆಲಾರ್ಮಿನೊ ಅವರೇ ಆಸರೆ. ಒಂದೇ ಅಂಗಳ, ಎದುರುಬದುರು ಎರಡು ಮನೆ. ಮುದುಕ ಮಾತು ಕಡಿಮೆ ಆಡುತ್ತಿದ್ದರು. ಆದರೆ ಕಡಲಿನಿಂದ ಬಂದಾಗಲೆಲ್ಲ ಮೊದಲ ಮೀನು ಸೊಸೆಯ ಬಾಗಿಲಲ್ಲೇ ಇರುತ್ತಿತ್ತು.

ಅಂಥವರ ಕಣ್ಣೆದುರು ನಾನು ಇನ್ನೊಬ್ಬನ ಮಾತಿಗೆ ನಗುತ್ತಿದ್ದೇನಲ್ಲಾ...

ನಗು ಬಂದಾಗಲೆಲ್ಲ ಎದೆಲ್ಮಿರಾ ಬಟ್ಟೆಗೆ ಬೆಂಕಿ ತಗುಲಿದವಳಂತೆ ತಟಕ್ಕನೆ ನಿಲ್ಲಿಸಿಬಿಡುತ್ತಿದ್ದಳು.

ಅಂಗಡಿಯ ರೆಮಿಹಿಯಾ ಬಿಡುವವಳೇ? "ಏನೇ ಎದೆಲ್ಮಿರಾ, ನಿಮ್ಮ ಹಿತ್ತಲಲ್ಲಿ ತಿಮಿಂಗಿಲ ಮೇಯೋಕೆ ಬರ್ತಿದೆಯಂತೆ?"

"ನಿನಗೆ ಸಕ್ಕರೆ ತೂಗೋಕೆ ಬರುತ್ತಾ ಇಲ್ವಾ, ಅಷ್ಟು ನೋಡು ಅಕ್ಕ!"

ಬಾಯಿ ಜೋರಾಗಿತ್ತು, ಆದರೆ ಚಿಲ್ಲರೆ ಎಣಿಸಿಕೊಳ್ಳದೆಯೇ ಹೊರಟುಬಿಟ್ಟಳು.

ಒಂದು ಮಧ್ಯಾಹ್ನ ಲಿಸಾಂದ್ರೊ ಅಡುಗೆಮನೆಯಲ್ಲಿ ಕುಳಿತು ಗಾಜಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ಕಾಯೆತಾನಾ ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

"ಲಾಬ್‌ಸ್ಟರ್ ಕಾಲ ಮುಗಿಯೋ ಹೊತ್ತಿಗೆ ಒಂದಾದ್ರೂ ಸಿಗಬೇಕು. ಸಿಗದಿದ್ರೆ ನನ್ನ ಕಳಿಸಿದೋರು ವಾಪಸ್ ಕರೆಸ್ಕೋತಾರೆ," ಎಂದ. "ಹಿಂದೊಮ್ಮೆ ಈ ದ್ವೀಪದಲ್ಲಿ ಒಂದು ತಿಮಿಂಗಿಲದ ತಲೆಬುರುಡೆ ಸಿಕ್ಕಿತ್ತಲ್ಲ, ಆ ಜಾತಿಯದ್ದು ಕಡಲಲ್ಲಿ ಈಜ್ತಿರೋದನ್ನ ನೋಡ್ಬೇಕು ಅಂತ ಬಂದೆ. ಇಷ್ಟು ದೊಡ್ಡ ನೀರು... ಎಲ್ಲಿ ಅಂತ ಹುಡುಕಲಿ?"

ಅವನು ಸೋತದ್ದು ನನ್ನಿಂದ. ಅವತ್ತು ಆ ದುಪ್ಪಟಿ ಇಲ್ಲದಿದ್ದರೆ...

"ಗಾಸ್ಪಾರ್ ಆ ತಿಮಿಂಗಿಲಗಳನ್ನ ನೋಡ್ತಿದ್ದ," ಎದೆಲ್ಮಿರಾ ನಿಧಾನವಾಗಿ ಹೇಳಿದಳು. "ನಾನೂ ನೋಡಿದ್ದೀನಿ. ಮದುವೆಯಾದ ಹೊಸದರಲ್ಲಿ ಅವನ ಜೊತೆ ದೋಣಿಗೆ ಹೋಗ್ತಿದ್ದೆ."

ಲೋಟ ತಿರುಗುವುದು ನಿಂತಿತು. "ಎಲ್ಲಿ?"

ಅದೊಂದು ಪ್ರಶ್ನೆಯನ್ನು ಈ ದ್ವೀಪದಲ್ಲಿ ಯಾರೂ ಕೇಳಬಾರದು. ಕೇಳಿದರೂ ಯಾರೂ ಹೇಳಬಾರದು!

ಇಲ್ಲಿ ಪ್ರತಿ ಮನೆತನಕ್ಕೂ ಕಡಲಲ್ಲಿ ತನ್ನದೇ ಗುರುತುಗಳಿವೆ. ಲಾಬ್‌ಸ್ಟರ್ ಹಿಡಿಯುವ ಬೋನು ಇಳಿಸುವ ಜಾಗಗಳು. ಬೆಟ್ಟದ ಯಾವ ತುದಿ ಯಾವ ಬಂಡೆಯ ನೇರಕ್ಕೆ ಬಂದರೆ ಅದು ತಮ್ಮ ಜಾಗ ಎಂಬುದು ಆ ಮನೆಯವರಿಗಷ್ಟೇ ಗೊತ್ತು. ಅಪ್ಪ ಮಗನಿಗೆ ಹೇಳುವುದೂ ದೋಣಿಯ ಮೇಲೆ, ನಡುನೀರಿನಲ್ಲಿ, ಕಿವಿಗೆ ಬಾಯಿ ಹಚ್ಚಿ. ನೆಲದ ಮೇಲೆ ಹೇಳಿದ ಗುರುತು ಸತ್ತುಹೋಗುತ್ತದೆ ಎನ್ನುತ್ತಾರೆ ಹಿರಿಯರು. ಗಾಸ್ಪಾರ್ ಹೆಂಡತಿಗೆ ಹೇಳಿದ್ದೂ ಹಾಗೆಯೇ. ಅವನ ಗಡ್ಡ ಕಿವಿಗೆ ಚುಚ್ಚಿ ಅವಳು ನಕ್ಕಿದ್ದಳು.

ಎದೆಲ್ಮಿರಾ ಲಿಸಾಂದ್ರೊನ ಮುಖ ನೋಡಿದಳು. ಬಗ್ಗಿದಳು. ಅವನ ಕಿವಿಯ ಬಳಿ ಉಸುರಿದಳು.

"ಯೂಂಕೆ ಬೆಟ್ಟದ ನೆತ್ತಿ ಕಪ್ಪು ಬಂಡೆಯ ಸೀಳಿನಲ್ಲಿ ಕೂರಬೇಕು. ಆಗ ಬಲಕ್ಕೆ ನೋಡಿ, ದೀಪಸ್ತಂಭ ಅರ್ಧ ಮರೆಯಾಗಿರುತ್ತೆ. ಅಲ್ಲಿಂದಾಚೆ ತಳ ಇಲ್ಲ. ಅವು ಅಲ್ಲೇ ಏಳೋದು."

ಮೂಲೆಯಲ್ಲಿ ಬಟಾಣಿ ಬಟ್ಟಲಿಗೆ ಬೀಳುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಎದೆಲ್ಮಿರಾ ಅದನ್ನು ಗಮನಿಸಲಿಲ್ಲ.

* * *

ಲಿಸಾಂದ್ರೊ ಬಾಡಿಗೆ ದೋಣಿಯಲ್ಲಿ ಒಬ್ಬನೇ ಹೋಗಿ, ಸದ್ದು ಹಿಡಿಯುವ ಯಂತ್ರವನ್ನು ಅಲ್ಲಿ ಇಳಿಸಿ ಬಂದ. ಕೆಲವು ದಿನಗಳ ಮೇಲೆ ಅದನ್ನು ಎತ್ತಿಕೊಂಡು ನೇರ ಅವಳ ಅಡುಗೆಮನೆಗೇ ಓಡಿಬಂದ. ಬೂಟು ಒದ್ದೆ, ಮುಖವೆಲ್ಲ ನಗು.

"ಕೈ ಒರೆಸ್ಕೊಳ್ಳಿ! ಬೇಗ!"

ಹೆಡ್‌ಫೋನನ್ನು ಅವನೇ ಅವಳ ಕಿವಿಗೆ ಇಟ್ಟ. ಮೊದಲು ಬರೀ ನೀರಿನ ಮೊರೆತ. ಆಮೇಲೆ ದೂರದಿಂದ... ಟಿಕ್... ಟಿಕ್... ಟಿಕ್... ಯಾರೋ ಕತ್ತಲ ಮನೆಯಲ್ಲಿ ಉಗುರಿನಿಂದ ಮೆಲ್ಲಗೆ ಬಾಗಿಲು ತಟ್ಟುತ್ತಿರುವಂತೆ!

"ಇದು ಅದೇನಾ?" ಅವಳಿಗೆ ಮೈ ಜುಮ್ಮೆಂದಿತು.

"ಕೊಕ್ಕಿನ ತಿಮಿಂಗಿಲವೇ. ಯಾವ ಜಾತಿಯದ್ದು ಅಂತ ಗೊತ್ತಾಗಬೇಕಾದ್ರೆ ಇನ್ನೂ ತುಂಬಾ ಕೇಳಿಸ್ಕೋಬೇಕು. ಇದು ನೀರಿನ ಮೇಲೆ ಬಂದಾಗ ಒಂದು ಸದ್ದೂ ಮಾಡಲ್ಲ. ತುಂಬಾ ಆಳಕ್ಕೆ ಇಳಿದ ಮೇಲೆ ಮಾತ್ರ."

"ಯಾಕೆ?"

"ಮೇಲೆ ಅದನ್ನ ಬೇಟೆಯಾಡೋ ಪ್ರಾಣಿಗಳು ಕೇಳಿಸ್ಕೋತವೆ ಅಂತ ಭಯ ಇರ್ಬೇಕು."

ಹೆಡ್‌ಫೋನ್ ತೆಗೆಯಲು ಹೋದ ಅವನ ಬೆರಳು ಅವಳ ಕೆನ್ನೆಗೆ ತಾಗಿ, ಅಲ್ಲೇ ನಿಂತಿತು. ಒಲೆಯ ಮೇಲಿನ ಹಾಲು ಉಕ್ಕಿ ಸುರಿಯುವವರೆಗೂ ಇಬ್ಬರೂ ಕದಲಲಿಲ್ಲ.

ಆ ಸಂಭ್ರಮದಲ್ಲೇ ಅವನು ಯಂತ್ರವನ್ನು ಮತ್ತೆ ಇಳಿಸಿ ಬಂದ. ಈ ಸಲ ಹೆಚ್ಚು ದಿನ ಬಿಡಬೇಕಿತ್ತು. ಕಳೆದುಹೋಗದಿರಲೆಂದು ಹಗ್ಗದ ತುದಿಗೆ ನೀರಿನ ಮೇಲೆ ತೇಲುವ ದೊಡ್ಡದೊಂದು ಹಳದಿ ಬೆಂಡು ಕಟ್ಟಿದ. ಅವನು ದೂರದ ಚಿಲೋಯೆ ದ್ವೀಪದವನು. ಅವರ ಕಡೆ ಕಡಲೆಂದರೆ ಚಿಪ್ಪುಮೀನು ಬೆಳೆಸುವ ತೋಟ, ಸಾಲುಸಾಲಾಗಿ ಬೆಂಡುಗಳು. ಯಾರೂ ಯಾರಿಂದಲೂ ಏನೂ ಬಚ್ಚಿಡುವುದಿಲ್ಲ.

ಇಲ್ಲಿ ಹಾಗಲ್ಲ. ಇಲ್ಲಿಯವರ ಬೆಂಡು ಅಂಗೈಯಷ್ಟು ಅಗಲ, ನೀರಿನದೇ ಬಣ್ಣ. ಗುರುತು ಬಲ್ಲವನ ಕಣ್ಣಿಗೆ ಮಾತ್ರ ಬೀಳುವಂಥದ್ದು. ಅದನ್ನು ಅವನಿಗೆ ಹೇಳಬೇಕಾದವಳು ಎದೆಲ್ಮಿರಾ. ಅವಳ ತಲೆಯಲ್ಲಿ ಬೇರೇನೋ ತುಂಬಿತ್ತು.

* * *

ಒಂದು ಬೆಳಿಗ್ಗೆ ದೋಣಿ ಕಟ್ಟುವ ದಕ್ಕೆಯ ಮೇಲೆ ಗಲಾಟೆ.

ದೊನ್ ಬೆಲಾರ್ಮಿನೊ ದೋಣಿಯಿಂದ ಇಳಿದು, ಕಂಕುಳಲ್ಲಿದ್ದ ಹಳದಿ ಬೆಂಡನ್ನು ಲಿಸಾಂದ್ರೊನ ಕಾಲ ಬಳಿ ಎಸೆದರು. ಅದಕ್ಕೆ ಕತ್ತರಿಸಿದ ಹಗ್ಗದ ತುಂಡು ನೇತಾಡುತ್ತಿತ್ತು.

"ಇದು ನಿನ್ನದೇನೋ?"

"ಹೌದು. ಆದ್ರೆ... ಹಗ್ಗ? ಕೆಳಗೆ ನನ್ನ ಯಂತ್ರ..."

"ನನ್ನ ಮಗನ ಗುರುತಿನ ಮೇಲೆ ಬಾವುಟ ನೆಟ್ಟಿದ್ದೀಯಲ್ಲೋ! ಇಡೀ ಊರಿಗೆ ಡಂಗುರ ಹೊಡೆದ ಹಾಗೆ! ಈಗ ಅದರ ಸುತ್ತ ಕಂಡವರ ಬೋನೆಲ್ಲ ಇಳಿದಿವೆ. ನನ್ನ ಹಿಂದೆ ಕದ್ದು ಬಂದ್ಯಾ? ಬಾಯಿ ಬಿಡು ಕಳ್ಳ!"

ಎದೆಲ್ಮಿರಾ ಗುಂಪಿನ ಅಂಚಿನಲ್ಲಿದ್ದಳು, ಮಗಳ ಕೈ ಹಿಡಿದು.

ಲಿಸಾಂದ್ರೊ ತಲೆ ಎತ್ತಿ ಅವಳನ್ನು ಒಮ್ಮೆ ನೋಡಿದ. ಒಮ್ಮೆ ಮಾತ್ರ.

"ಹೌದು," ಎಂದ. "ದಿಬ್ಬದ ಮೇಲಿಂದ ದುರ್ಬೀನಿನಲ್ಲಿ ನಿಮ್ಮ ದೋಣಿ ನೋಡಿ ತಿಳ್ಕೊಂಡೆ. ತಪ್ಪು ನನ್ನದೇ."

ಹೇಳು ಎದೆಲ್ಮಿರಾ! ಈಗಲೇ ಹೇಳು!

ನಾಲಿಗೆ ಮೇಲೇಳಲಿಲ್ಲ. ಎದುರಿಗೆ ಮಾವನ ಮುಖವಿತ್ತು. ಮಗನನ್ನು ಕಳೆದುಕೊಂಡ ದಿನವೂ ಅಳದಿದ್ದ ಮುಖ ಈಗ ನಡುಗುತ್ತಿತ್ತು.

ಅವಳ ಅಂಗೈಯೊಳಗಿದ್ದ ಪುಟ್ಟ ಕೈ ಮೆಲ್ಲಗೆ ಜಾರಿಕೊಂಡು ಹೊರಗೆ ಹೋಯಿತು.

* * *

ಅಂದಿನಿಂದ ಯಾರೂ ಲಿಸಾಂದ್ರೊನಿಗೆ ದೋಣಿ ಬಾಡಿಗೆಗೆ ಕೊಡಲಿಲ್ಲ. ಅಂಗಡಿಯಲ್ಲಿ ಅವನಿಗೆ ಬ್ರೆಡ್ಡು ಮುಗಿದಿರುತ್ತಿತ್ತು. ಅವನೂ ಎದೆಲ್ಮಿರಾಳ ಮನೆಯತ್ತ ಸುಳಿಯಲಿಲ್ಲ.

"ಬಂದ ಕೆಲಸ ಆಯ್ತು, ಹೊರಟ," ರೆಮಿಹಿಯಾ ಎಲ್ಲ ಗೊತ್ತಿದ್ದವಳಂತೆ ಹೇಳಿದಳು. "ಸರಕಿನ ಹಡಗು ಬಂದ ಕೂಡ್ಲೇ ಹತ್ತುತ್ತಾನಂತೆ. ಹೊರಗಿನ ಗಂಡಸರಿಗೆ ಬೇಕಾದ್ದು ಸಿಕ್ಕಿದ ಮೇಲೆ ಯಾರ ನೆನಪಿರುತ್ತೆ ಹೇಳು?"

ಎದೆಲ್ಮಿರಾ ಆ ಮಾತನ್ನು ಮನೆಗೆ ತಂದುಕೊಂಡಳು. ಅದನ್ನು ನಂಬಲು ಪ್ರಯತ್ನಿಸಿದಳು. ಹೌದು, ಅವನಿಗೆ ಬೇಕಿದ್ದದ್ದು ತಿಮಿಂಗಿಲ, ನಾನಲ್ಲ. ಕೆನ್ನೆಯ ಮೇಲೆ ನಿಂತ ಬೆರಳೂ ಸುಳ್ಳೇ.

ಅವನು ಕೆಟ್ಟವನಾದರೆ ತನ್ನ ತಪ್ಪು ಅರ್ಧ ಇಳಿಯುತ್ತದಲ್ಲ!

ಆದರೆ ಇಳಿಯಲಿಲ್ಲ. ನಾದಿದ ಹಿಟ್ಟಿನಂತೆ ಮುಚ್ಚಿಟ್ಟಷ್ಟೂ ಉಬ್ಬುತ್ತಲೇ ಹೋಯಿತು.

ಕಾಯೆತಾನಾಗೆ ಊಟ ಸೇರುತ್ತಿರಲಿಲ್ಲ. ಶಾಲೆಯಿಂದ ಬಂದವಳು ತಾತನ ಮನೆಗೂ ಹೋಗುತ್ತಿರಲಿಲ್ಲ, ತಾಯಿಯ ಮಡಿಲಿಗೂ ಬರುತ್ತಿರಲಿಲ್ಲ. ಏನೋ ಕೇಳಲು ಬಾಯಿ ತೆರೆಯುವುದು, ಮತ್ತೆ ಮುಚ್ಚುವುದು.

"ಏನು ಪುಟ್ಟಿ? ಏನು ಹೇಳು."

"ಏನಿಲ್ಲ."

ಕೊನೆಗೆ ಎದೆಲ್ಮಿರಾ ದಿಬ್ಬ ಹತ್ತಿದಳು. ಲಿಸಾಂದ್ರೊ ದುರ್ಬೀನಿನ ಕಾಲು ಮಡಚುತ್ತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?" ಏದುಸಿರಿನಲ್ಲೇ ಕೇಳಿದಳು.

"ನಾನು ಹಡಗು ಹತ್ತಿ ಹೋಗೋನು. ನೀವು ಇಲ್ಲಿ ಇರಬೇಕಾದೋರು."

"ನಾನು ಕೇಳಿದ್ನಾ?"

"ನೀವು ಬೇಡ ಅನ್ನಲೂ ಇಲ್ಲವಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಕೊಯ್ದದ್ದು. "ನನ್ನ ಜೊತೆ ನಿಮ್ಮ ಹೆಸರು ಸೇರೋದು ನಿಮಗೆ ಇಷ್ಟ ಇಲ್ಲ ಅಂತ ಗೊತ್ತಾಯ್ತು. ತಪ್ಪೇನಿಲ್ಲ ಬಿಡಿ."

"ಹಾಗಲ್ಲ..." ಎಂದಳು ಎದೆಲ್ಮಿರಾ. ಅವನು ದುರ್ಬೀನನ್ನು ಹೆಗಲಿಗೇರಿಸಿ ಇಳಿದುಹೋದ.

* * *

ಸರಕಿನ ಹಡಗು ಬಂದ ದಿನ ದೊನ್ ಬೆಲಾರ್ಮಿನೊ ಅಂಗಳದಲ್ಲಿ ಹೊಸ ಬೋನಿಗೆ ಕಡ್ಡಿ ಬಗ್ಗಿಸುತ್ತಾ ಕುಳಿತಿದ್ದರು. ಎದೆಲ್ಮಿರಾ ಎದುರಿಗೆ ಬಂದು ನಿಂತಳು. ಕೈಗೆ ಹತ್ತಿದ್ದ ಹಿಟ್ಟನ್ನೂ ತೊಳೆದಿರಲಿಲ್ಲ.

"ಮಾವ, ಆ ಗುರುತು ಅವರು ಕದ್ದಿದ್ದಲ್ಲ. ನಾನು ಕೊಟ್ಟಿದ್ದು."

ಕಡ್ಡಿ ಲಟಕ್ಕನೆ ಮುರಿಯಿತು.

"ಏನಂದೆ?"

"ನಾನೇ ಹೇಳಿದೆ. ಅಡುಗೆಮನೆಯಲ್ಲಿ. ಅವರ ಕಿವಿಯಲ್ಲಿ."

"ನೆಲದ ಮೇಲೆ!" ಮುದುಕ ಎದ್ದು ನಿಂತರು. "ನನ್ನ ಮಗ ನಡುನೀರಿನಲ್ಲಿ ಕೊಟ್ಟಿದ್ದನ್ನ... ಒಲೆ ಮುಂದೆ, ಹರಟೆ ಹೊಡೆದ ಹಾಗೆ..."

"ಹೌದು ಮಾವ."

"ಯಾಕಮ್ಮ?"

ಅವಳು ತಲೆ ತಗ್ಗಿಸಿದಳು. ಆದರೆ ದನಿ ತಗ್ಗಿಸಲಿಲ್ಲ. "ಅವರು ಸೋಲೋದನ್ನ ನೋಡೋಕಾಗಲಿಲ್ಲ. ನನಗೆ ಅವರು ಬೇಕು ಮಾವ. ಅದಕ್ಕೇ ದಕ್ಕೆ ಮೇಲೆ ಬಾಯಿ ಬರಲಿಲ್ಲ. ಗುರುತು ಕೊಟ್ಟೆ ಅಂದ್ರೆ ಅದನ್ನೂ ಹೇಳ್ಬೇಕಾಗ್ತಿತ್ತು."

ಮುದುಕ ಬಗ್ಗಿ ಬೋನನ್ನು ಪಕ್ಕಕ್ಕೆ ಸರಿಸಿದರು. ಮುರಿದ ಕಡ್ಡಿಯ ಎರಡು ತುಂಡನ್ನೂ ನೋಡುತ್ತಾ ನಿಂತರು.

"ನಿನಗೆ ಯಾರು ಬೇಕು, ಯಾರು ಬೇಡ, ಅದು ನಿನ್ನ ವಿಷಯ," ಎಂದರು ಕೊನೆಗೆ. ದನಿ ಒರಟಾಗಿತ್ತು. "ಆದ್ರೆ ನನ್ನ ಬಾಯಿಂದ ಒಬ್ಬ ಸರಿಯಾದ ಮನುಷ್ಯನಿಗೆ ಕಳ್ಳ ಅನ್ನಿಸಿದೆಯಲ್ಲ... ನಾನು ಅವನ ಹಗ್ಗ ಕತ್ತರಿಸಿದೆ ಕಣೇ! ಅದನ್ನ ನಾನು ಎಲ್ಲಿಗೆ ಹೋಗಿ ತೊಳ್ಕೊಳ್ಳಲಿ?"

ಗೂಟದಿಂದ ಟೋಪಿ ತೆಗೆದು ತಲೆಗೇರಿಸಿದರು. "ನಡಿ. ದಕ್ಕೆ ಮೇಲೆ ಆಡಿದ ಮಾತನ್ನ ದಕ್ಕೆ ಮೇಲೇ ಹಿಂದಕ್ಕೆ ತಗೋಬೇಕು. ನಾನು ನನ್ನ ಮಾತು, ನೀನು ನಿನ್ನ ಮೌನ. ಮಗುವನ್ನೂ ಕರಿ."

* * *

ಹಡಗಿಗೆ ಲಾಬ್‌ಸ್ಟರ್ ಪೆಟ್ಟಿಗೆ ಏರಿಸುತ್ತಿದ್ದರು. ಊರಿಗೆ ಊರೇ ಅಲ್ಲಿತ್ತು. ಲಿಸಾಂದ್ರೊ ತನ್ನ ಪೆಟ್ಟಿಗೆಯ ಪಕ್ಕ ಒಂಟಿಯಾಗಿ ನಿಂತಿದ್ದ.

ದೊನ್ ಬೆಲಾರ್ಮಿನೊ ನೇರ ಹೋಗಿ ಆ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು.

"ಯಜಮಾನ್ರೇ, ಅದನ್ನ ಏರಿಸ್ಬೇಕು," ಹಡಗಿನವನು ಹೇಳಿದ.

"ಏರಿಸು. ನನ್ನನ್ನೂ ಸೇರಿಸಿ ಏರಿಸು." ಆಮೇಲೆ ಗುಂಪಿನತ್ತ ತಿರುಗಿ, "ಕೇಳ್ರೋ! ನಾನು ಈ ಮನುಷ್ಯನನ್ನ ಕಳ್ಳ ಅಂದಿದ್ದೆ. ಅವನು ಕಳ್ಳ ಅಲ್ಲ. ನಾನು ಹೇಳಿದ್ದು ಸುಳ್ಳು," ಎಂದರು.

ಎಲ್ಲರ ಕಣ್ಣು ಎದೆಲ್ಮಿರಾಳ ಮೇಲೆ. ಆದರೂ ಹೇಳಿದಳು. "ಗುರುತು ಕೊಟ್ಟಿದ್ದು ನಾನು. ಇವರು ನನಗೋಸ್ಕರ ಸುಳ್ಳು ಹೇಳಿದ್ರು. ನಾನು ಸುಮ್ಮನಿದ್ದೆ."

"ಅಯ್ಯೋ ದೇವರೇ..." ರೆಮಿಹಿಯಾ ಬಾಯಿಗೆ ಕೈ ಇಟ್ಟಳು. ಹಿಂದಿನಿಂದ ಯಾರೋ, "ಪ್ರೀತಿ ಮಾಡೋಕೆ ಬೇರೆ ಏನೂ ಕೊಡೋಕಿರ್ಲಿಲ್ವೇನಮ್ಮ?" ಎಂದು ಕಿಚಾಯಿಸಿದ. ನಗು ಎದ್ದಿತು.

"ನಗೋರು ಮೊದಲು ಅಲ್ಲಿಂದ ನಿಮ್ಮ ಬೋನು ಎತ್ತಿಕೊಳ್ಳಿ!" ಮುದುಕ ಗುಡುಗಿದರು. ನಗು ನಿಂತಿತು.

ಎದೆಲ್ಮಿರಾ ಲಿಸಾಂದ್ರೊನತ್ತ ತಿರುಗಿದಳು. "ನಿಮ್ಮ ಜೊತೆ ನನ್ನ ಹೆಸರು ಸೇರೋದು ಇಷ್ಟ ಇಲ್ಲ ಅಂತ ಅಂದ್ಕೊಂಡ್ರಿ ಅಲ್ವಾ? ಈಗ ಊರೆದುರಿಗೇ ಸೇರಿಸಿದ್ದೀನಿ. ಹೋಗಬೇಕು ಅನ್ನಿಸಿದ್ರೆ ಹೋಗಿ... ಆದ್ರೆ ಉಳೀರಿ."

ಅವನು ಪೆಟ್ಟಿಗೆಯ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದ. "ನಾನು ದಿಬ್ಬದ ಮೇಲೆ ಕೂತ್ಕೊಂಡು ಕಡಲು ನೋಡೋದನ್ನ ಯಾವತ್ತೋ ಬಿಟ್ಟಿದ್ದೆ ಎದೆಲ್ಮಿರಾ. ನಿಮ್ಮ ಹಿತ್ತಲನ್ನೇ ನೋಡ್ತಿದ್ದೆ."

"ಯಂತ್ರ ಮುಳುಗಿರೋ ಜಾಗ ಗೊತ್ತು," ದೊನ್ ಬೆಲಾರ್ಮಿನೊ ಯಾರ ಮುಖವನ್ನೂ ನೋಡದೆ ಗೊಣಗಿದರು. "ಗುರುತಿನ ಈಚೆ ತಳ ಇದೆ. ನಾಳೆ ಕೊಕ್ಕೆ ಹಾಕಿ ಎಳೆದು ನೋಡೋಣ. ಸಿಕ್ಕರೆ ಸಿಕ್ತು." ಆಮೇಲೆ ಕಣ್ಣೆತ್ತಿದರು. "ಆದ್ರೆ ಆ ಗುರುತು ನನ್ನದಲ್ಲ. ಎದೆಲ್ಮಿರಾ, ನಿನ್ನದೂ ಅಲ್ಲ. ಗಾಸ್ಪಾರ್ ಹೋದ ಮೇಲೆ ಅದು ಅವನ ಮಗಳದು. ನಾನು ಕಾಯ್ತಿದ್ದೆ ಅಷ್ಟೇ. ಅಲ್ಲಿಗೆ ಇವನು ಬರಬಹುದಾ ಅಂತ ಅವಳನ್ನ ಕೇಳು."

ಎದೆಲ್ಮಿರಾ ಮಗಳತ್ತ ತಿರುಗಿದಳು. ಮಾವನ ಬಗ್ಗೆ ಯೋಚಿಸಿದ್ದಳು, ಗಾಸ್ಪಾರ್‌ನ ಬಗ್ಗೆ ಯೋಚಿಸಿದ್ದಳು. ತಾನು ದಾನ ಮಾಡಿದ್ದು ಈ ಮಗುವಿನ ಆಸ್ತಿ ಎಂಬುದು ಮಾತ್ರ ಹೊಳೆದಿರಲಿಲ್ಲ!

ಮಗಳ ಎದುರು ಮೊಣಕಾಲೂರಿದಳು. "ಪುಟ್ಟಿ... ಅಪ್ಪನ ಗುರುತು ನಿನ್ನದು. ನಿನ್ನ ಕೇಳದೆ ಕೊಟ್ಟುಬಿಟ್ಟೆ. ತಪ್ಪು ಮಾಡಿದೆ."

"ಗೊತ್ತು." ಕಾಯೆತಾನಾಳ ದನಿ ತೀರಾ ಸಣ್ಣದು. "ನಾನು ಅಲ್ಲೇ ಇದ್ನಲ್ಲ. ಕೇಳಿಸ್ಕೊಂಡೆ."

"ಮತ್ತೆ... ತಾತನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಬೈತಿದ್ರು." ಲಿಸಾಂದ್ರೊನತ್ತ ಬೆರಳು ತೋರಿದಳು. "ಹೇಳದಿದ್ರೆ ಇವರು ಹೋಗ್ಬಿಡ್ತಾರೆ. ನಂಗೆ ಏನ್ ಮಾಡೋದು ಅಂತಾನೇ ಗೊತ್ತಾಗ್ಲಿಲ್ಲ ಅಮ್ಮ..."

ಎದೆಲ್ಮಿರಾ ಮಗಳನ್ನು ಬಾಚಿ ಅಪ್ಪಿಕೊಂಡಳು. ಇಷ್ಟು ದಿನ ತನ್ನೊಬ್ಬಳದೇ ಅಂದುಕೊಂಡಿದ್ದ ಹೊರೆಯ ಇನ್ನೊಂದು ತುದಿಯನ್ನು ಈ ಪುಟ್ಟ ಹೆಗಲು ಹೊತ್ತಿತ್ತು. ತಾನು ಬಾಯಿ ಮುಚ್ಚಿದ್ದಕ್ಕೆ ಇವಳೂ ಮುಚ್ಚಿದ್ದಳು.

ಹಡಗು ಕೂಗಿತು. ಲಿಸಾಂದ್ರೊ ಕದಲಲಿಲ್ಲ. ಹಡಗಿನವನು ಪೆಟ್ಟಿಗೆಯ ಮೇಲಿದ್ದ ಮುದುಕನನ್ನು ನೋಡಿ, ತಲೆ ಕೊಡವಿ, ಹಗ್ಗ ಬಿಚ್ಚಿದ. ದಕ್ಕೆಗೂ ಹಡಗಿಗೂ ನಡುವೆ ನೀರು ಅಗಲವಾಗುತ್ತಾ ಹೋಯಿತು.

ಲಿಸಾಂದ್ರೊ ಬಂದು ಅವರಿಬ್ಬರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತ. "ನೀನು ಬೇಡ ಅಂದ್ರೆ ನಾನು ಅಲ್ಲಿಗೆ ಹೋಗಲ್ಲ ಕಾಯೆ. ಬೇರೆ ಕಡೆ ಹುಡುಕ್ತೀನಿ. ಕೋಪ ಮಾಡ್ಕೊಳ್ಳಲ್ಲ."

"ಹೋಗಿ ಪರ್ವಾಗಿಲ್ಲ," ಎಂದಳು ಹುಡುಗಿ. "ಆದ್ರೆ ಆ ಹಳದಿದು ಕಟ್ಟಬಾರದು."

"ಕಟ್ಟಲ್ಲ."

"ನಾನೂ ಬರ್ತೀನಿ."

"ನೀನಿಲ್ಲದೆ ಹೋಗೋದೇ ಇಲ್ಲ."

ಎದೆಲ್ಮಿರಾ ಅಳುತ್ತಲೇ ನಕ್ಕಳು. ಈ ಸಲ ನಗುವನ್ನು ನಡುವೆ ನಿಲ್ಲಿಸಲಿಲ್ಲ. ಲಿಸಾಂದ್ರೊ ಅವಳ ಹಿಟ್ಟು ಮೆತ್ತಿದ ಕೈಯನ್ನು ಊರೆದುರಿಗೇ ಹಿಡಿದುಕೊಂಡ.

ಕಾಯೆತಾನಾ ಆ ಎರಡು ಕೈಗಳನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ತಾಯಿಯ ಕಿವಿಗೆ ಬಾಯಿ ತಂದವಳು, ಏಕೋ ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿಯೇ ಕೇಳಿದಳು.

"ಅಮ್ಮ, ನಂಗೂ ಇವರು ಇಲ್ಲೇ ಇರ್ಲಿ ಅಂತ ಅನ್ಸುತ್ತೆ... ಹಾಗನ್ಸಿದ್ರೆ, ಅಪ್ಪನಿಗೆ ಬೇಜಾರಾಗುತ್ತಾ?"